ವಾಣಿಜ್ಯ ನಾವಿಕರ ಆರೋಗ್ಯರಕ್ಷಣೆಯ ಚರಿತ್ರೆ: ಅರಿವಿನಿಂದ ಹೊಣೆಯವರೆಗೆ

ತರಗತಿ: 8ರಿಂದ 10
ವಿಷಯ ಸಂಬಂಧ: ಸಮಾಜ ವಿಜ್ಞಾನ, ವಿಜ್ಞಾನ, ಕನ್ನಡ
ಅವಧಿ: ನಾಲ್ಕು ಪಾಠಗಳು

1. ಪ್ರವೇಶ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ‘ಸಿ’ ಜೀವಸತ್ವದ ಕೊರತೆಯಿಂದ ಸ್ಕರ್ವಿ ರೋಗ ಬರುತ್ತದೆ ಎಂಬ ಒಂದು ವಾಕ್ಯವಿರುತ್ತದೆ. ಸಮಾಜ ವಿಜ್ಞಾನದ ಪಾಠದಲ್ಲಿ ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದನೆಂಬ ಇನ್ನೊಂದು ವಾಕ್ಯವಿರುತ್ತದೆ. ಈ ಎರಡು ವಾಕ್ಯಗಳ ನಡುವೆ ನಡುಗಡಲಿನಲ್ಲಿ ಸತ್ತ ಅಸಂಖ್ಯ ನಾವಿಕರಿದ್ದಾರೆ. ಯಾವ ಪಾಠವೂ ಅವರನ್ನು ಹೆಸರಿಸುವುದಿಲ್ಲ. ಮಕ್ಕಳು ಜೀವಸತ್ವದ ಹೆಸರನ್ನೂ ಇಸವಿಯನ್ನೂ ಬಾಯಿಪಾಠ ಮಾಡುತ್ತಾರೆ. ರೋಗದ ಮದ್ದು ತಿಳಿದ ಮೇಲೂ ಜನ ಏಕೆ ಸತ್ತರೆಂಬ ಪ್ರಶ್ನೆ ಅವರ ಮುಂದೆ ಬರುವುದೇ ಇಲ್ಲ. ಆ ಪ್ರಶ್ನೆಯನ್ನು ಮಕ್ಕಳ ಮುಂದಿಡುವುದೇ ಈ ಅಭ್ಯಾಸ ಲೇಖನದ ಗುರಿ.

ಸರಕು ಸಾಗಿಸುವ ಹಡಗುಗಳಲ್ಲಿ ಸಂಬಳಕ್ಕೆ ದುಡಿಯುವವರು ವಾಣಿಜ್ಯ ನಾವಿಕರು. ಯುದ್ಧನೌಕೆಯ ನಾವಿಕನ ಆರೋಗ್ಯ ಕೆಟ್ಟರೆ ಯುದ್ಧವೇ ಕೆಡುವುದರಿಂದ ಪ್ರಭುತ್ವವು ಅವನ ಬಗ್ಗೆ ಸ್ವಲ್ಪವಾದರೂ ಕಾಳಜಿ ವಹಿಸುತ್ತಿತ್ತು. ವಾಣಿಜ್ಯ ನಾವಿಕನ ಸ್ಥಿತಿ ಬೇರೆ. ಅವನ ಒಪ್ಪಂದವು ಒಂದು ಪ್ರಯಾಣಕ್ಕೆ ಸೀಮಿತ. ಹಡಗಿನ ಮಾಲೀಕ ಒಂದು ದೇಶದವನು, ನಾವಿಕ ಇನ್ನೊಂದು ದೇಶದವನು, ಕಾಯಿಲೆ ಬಿದ್ದ ಬಂದರು ಮೂರನೆಯ ದೇಶದ್ದು. ಇಂಥವನಿಗೆ ಮದ್ದು ಕೊಡಿಸುವ ಹೊಣೆ ಯಾರದು? ವಾಣಿಜ್ಯ ನಾವಿಕರ ಆರೋಗ್ಯರಕ್ಷಣೆಯ ಚರಿತ್ರೆಯೆಂದರೆ ಈ ಒಂದು ಪ್ರಶ್ನೆಗೆ ನಿಧಾನವಾಗಿ ದೊರೆತ ಉತ್ತರಗಳ ಚರಿತ್ರೆ.

ಪಾಠದ ಕೊನೆಗೆ ವಿದ್ಯಾರ್ಥಿಯು:

• ರೋಗದ ಕಾರಣವನ್ನು ಪ್ರಯೋಗದಿಂದ ಕಂಡುಕೊಳ್ಳುವ ಬಗೆಯನ್ನು ವಿವರಿಸುವನು/ವಿವರಿಸುವಳು.
• ತಿಳಿವಳಿಕೆ ಹುಟ್ಟಿದ ಕಾಲಕ್ಕೂ ಅದು ದುಡಿಯುವವರನ್ನು ತಲುಪಿದ ಕಾಲಕ್ಕೂ ನಡುವಿನ ಅಂತರವನ್ನು ಲೆಕ್ಕಹಾಕಿ, ಅದಕ್ಕೆ ಕಾರಣಗಳನ್ನು ಹೇಳುವನು/ಹೇಳುವಳು.
• ರೋಗಲಕ್ಷಣವನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಖಚಿತವಾಗಿ ವರ್ಣಿಸುವನು/ವರ್ಣಿಸುವಳು.

2. ಅಂಜುದೀವದಿಂದ ಮಾಲಿಂದಿಗೆ

ಕಾರವಾರದ ಸಮೀಪ, ಇಂದು ಗೋವೆಯ ಆಡಳಿತಕ್ಕೆ ಸೇರಿದ ಅಂಜುದೀವ ಎಂಬ ಪುಟ್ಟ ದ್ವೀಪವಿದೆ. ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿ ತಂಗಿ, ದುರಸ್ತಿ ಮಾಡಿಕೊಂಡು, ಸಿಹಿನೀರು ತುಂಬಿಸಿಕೊಂಡು 1498ರ ಅಕ್ಟೋಬರ್ 5ರಂದು ಆಫ್ರಿಕದತ್ತ ಹೊರಟವು. ಬರುವಾಗ ಮಾಲಿಂದಿಯಿಂದ ಮಲಬಾರಿಗೆ ಒಂದು ತಿಂಗಳೊಳಗೆ ತಲುಪಿದ್ದ ಹಡಗುಗಳಿಗೆ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಬರುವಾಗ ಮಾರುತಗಳನ್ನು ಬಲ್ಲ ಮಾರ್ಗದರ್ಶಿಯೊಬ್ಬ ಜೊತೆಗಿದ್ದನು, ಗಾಳಿಯೂ ಅನುಕೂಲವಾಗಿತ್ತು. ಹೋಗುವಾಗ ಎದುರುಗಾಳಿ ಮತ್ತು ನಿಶ್ಚಲ ಹವೆ.

ಆ ಪ್ರಯಾಣದಲ್ಲಿದ್ದ ಅಜ್ಞಾತನೊಬ್ಬನ ದಿನಚರಿ ಉಳಿದುಬಂದಿದೆ. ನಾವಿಕರ ಒಸಡುಗಳು ಹಲ್ಲುಗಳನ್ನೇ ಮುಚ್ಚುವಷ್ಟು ಊದಿಕೊಂಡು ಅವರು ಉಣ್ಣಲಾರದೆ ಹೋದರು, ಕಾಲುಗಳು ಬಾತವು, ಈ ದಾಟುವಿಕೆಯೊಂದರಲ್ಲಿಯೇ 30 ಮಂದಿ ಸತ್ತರು ಎಂದು ಅದು ಹೇಳುತ್ತದೆ. ಕೊನೆಕೊನೆಗೆ ಒಂದೊಂದು ಹಡಗಿನಲ್ಲಿಯೂ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರು. ಮಾಲಿಂದಿ ಮುಟ್ಟಿದಾಗ ರೋಗಿಗಳು ಕಿತ್ತಳೆಹಣ್ಣಿಗಾಗಿ ಹಂಬಲಿಸಿದರು. ಹಣ್ಣು ತರಿಸಿಕೊಟ್ಟರೂ ಹಲವರ ಪಾಲಿಗೆ ಹೊತ್ತು ಮೀರಿತ್ತು. ಹಾಯಿ ಎಳೆಯಲು ಜನ ಸಾಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು.

ಈ ರೋಗವೇ ಸ್ಕರ್ವಿ. ಚರ್ಮ, ಒಸಡು, ರಕ್ತನಾಳ, ಎಲುಬುಗಳನ್ನು ಬಿಗಿದು ಹಿಡಿಯುವ ಕೊಲಾಜನ್ ಎಂಬ ಪ್ರೋಟೀನು ಸರಿಯಾಗಿ ರೂಪುಗೊಳ್ಳಲು ‘ಸಿ’ ಜೀವಸತ್ವ ಬೇಕು. ಮನುಷ್ಯನ ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ತಾಜಾ ಹಣ್ಣು, ತರಕಾರಿ, ಸೊಪ್ಪುಗಳಿಂದಲೇ ಪಡೆಯಬೇಕು. ಒಣ ರೊಟ್ಟಿ ಮತ್ತು ಉಪ್ಪಿನಲ್ಲಿಟ್ಟ ಮಾಂಸವನ್ನೇ ತಿಂದು ತಿಂಗಳುಗಟ್ಟಲೆ ಕಡಲಿನಲ್ಲಿದ್ದವರಿಗೆ ಮೊದಲು ದಣಿವು, ಅನಂತರ ಒಸಡಿನಲ್ಲಿ ರಕ್ತ, ಹಲ್ಲು ಸಡಿಲಗೊಳ್ಳುವಿಕೆ, ಕೊನೆಗೆ ಎಂದೋ ಮಾಗಿದ್ದ ಹಳೆಯ ಗಾಯಗಳು ಮತ್ತೆ ಬಾಯಿ ತೆರೆಯುವ ಸ್ಥಿತಿ ಬರುತ್ತಿತ್ತು.

3. ಹನ್ನೆರಡು ರೋಗಿಗಳು, ಆರು ಜೋಡಿಗಳು

ಯುದ್ಧನೌಕೆಗಳಲ್ಲಿ ವೈದ್ಯರೂ ದಾಖಲೆಗಳೂ ಇದ್ದುದರಿಂದ ಈ ರೋಗದ ಮೊದಲ ಕ್ರಮಬದ್ಧ ಪರೀಕ್ಷೆ ಅಲ್ಲಿಯೇ ನಡೆಯಿತು. ಬ್ರಿಟಿಷ್ ನೌಕಾದಳದ ‘ಸಾಲಿಸ್‌ಬರಿ’ ಹಡಗಿನ ವೈದ್ಯ ಜೇಮ್ಸ್ ಲಿಂಡ್ 1747ರ ಮೇ 20ರಂದು ಸ್ಕರ್ವಿ ತಗುಲಿದ 12 ನಾವಿಕರನ್ನು ಆರಿಸಿಕೊಂಡನು. ಆದಷ್ಟೂ ಒಂದೇ ಬಗೆಯ ಲಕ್ಷಣಗಳಿದ್ದ ಅವರೆಲ್ಲರನ್ನೂ ಒಂದೇ ಕಡೆ ಮಲಗಿಸಿ, ಒಂದೇ ಬಗೆಯ ಊಟ ಕೊಟ್ಟು, ಇಬ್ಬಿಬ್ಬರ ಆರು ಜೋಡಿಗಳನ್ನಾಗಿ ಮಾಡಿದನು. ಒಂದು ಜೋಡಿಗೆ ಸೇಬಿನ ಹುಳಿಮದ್ಯ, ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲದ ಹನಿಗಳು, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ, ಸಾಸಿವೆ ಮೊದಲಾದವನ್ನು ಅರೆದ ಲೇಹ್ಯ, ಉಳಿದ ಒಂದು ಜೋಡಿಗೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ನಿಂಬೆ.

ಆರು ದಿನಗಳಿಗೆ ಹಣ್ಣು ಮುಗಿದುಹೋಯಿತು. ಅಷ್ಟರಲ್ಲಿ ಹಣ್ಣು ತಿಂದ ಇಬ್ಬರಲ್ಲಿ ಒಬ್ಬನು ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡನು. ಇನ್ನೊಬ್ಬನನ್ನು ಉಳಿದ ರೋಗಿಗಳ ಆರೈಕೆಗೆ ನೇಮಿಸಲಾಯಿತು. ಸೇಬಿನ ಮದ್ಯ ಕುಡಿದವರಲ್ಲಿ ಸ್ವಲ್ಪ ಗುಣ ಕಂಡಿತು. ಉಳಿದವರಲ್ಲಿ ಹೇಳಿಕೊಳ್ಳುವ ಸುಧಾರಣೆ ಇರಲಿಲ್ಲ.

ವಿಜ್ಞಾನ ಶಿಕ್ಷಕರು ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಹುಳಿಯೇ ಸ್ಕರ್ವಿಗೆ ಮದ್ದೆಂಬ ನಂಬಿಕೆ ಆ ಕಾಲದ ವೈದ್ಯರಲ್ಲಿತ್ತು. ಹುಳಿಯೇ ಮದ್ದಾಗಿದ್ದರೆ ವಿನೆಗರ್ ಮತ್ತು ಗಂಧಕಾಮ್ಲಗಳೂ ಕೆಲಸ ಮಾಡಬೇಕಾಗಿತ್ತು. ಉಳಿದೆಲ್ಲವನ್ನೂ ಒಂದೇ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸಿದ್ದರಿಂದಲೇ ಈ ನಂಬಿಕೆಯ ದೌರ್ಬಲ್ಯ ಬಯಲಾಯಿತು. ‘ನ್ಯಾಯವಾದ ಹೋಲಿಕೆ’ ಎಂಬ ಪರಿಕಲ್ಪನೆಯನ್ನು ಕಲಿಸಲು ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಅಪರೂಪ.

4. ಅರಿವಿಗೂ ಆಚರಣೆಗೂ ನಡುವೆ

ಲಿಂಡ್ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1753ರಲ್ಲಿ. ಬ್ರಿಟಿಷ್ ನೌಕಾದಳವು ನಿಂಬೆರಸವನ್ನು ನಾವಿಕರಿಗೆ ಕ್ರಮವಾಗಿ ಒದಗಿಸಲು ಒಪ್ಪಿದ್ದು 1795ರಲ್ಲಿ, ಅಂದರೆ ಪ್ರಯೋಗ ನಡೆದು 48 ವರ್ಷಗಳ ಮೇಲೆ. ಲಿಂಡ್ ತೀರಿಕೊಂಡ ಮರುವರ್ಷ. ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ ನಿಂಬೆರಸವನ್ನೂ ಔಷಧಿ ಪೆಟ್ಟಿಗೆಯನ್ನೂ ಇಡಬೇಕೆಂಬ ಕಾಯ್ದೆ ಬಂದದ್ದು 1844ರಲ್ಲಿ, ಇನ್ನೂ 49 ವರ್ಷಗಳ ಬಳಿಕ. ಒಂದೇ ದೇಶ, ಒಂದೇ ರೋಗ, ಒಂದೇ ಹಣ್ಣು. ನೌಕಾದಳದ ಹಡಗಿನಿಂದ ಸರಕಿನ ಹಡಗಿಗೆ ಆ ಹಣ್ಣು ದಾಟಲು ಅರ್ಧ ಶತಮಾನ ಹಿಡಿಯಿತು.

ವಿಳಂಬಕ್ಕೆ ಕಾರಣಗಳು ಹಲವು. ಲಿಂಡ್ ತಾನೇ ತನ್ನ ಫಲಿತಾಂಶವನ್ನು ದೃಢವಾಗಿ ಪ್ರತಿಪಾದಿಸಲಿಲ್ಲ. ತೇವದ ಹವೆ ಮೊದಲಾದವೂ ರೋಗಕ್ಕೆ ಕಾರಣವೆಂದು ಬರೆದನು. ಹಣ್ಣು ಕೆಡದಿರಲೆಂದು ರಸವನ್ನು ಕಾಯಿಸಿ ಗಟ್ಟಿ ಪಾಕ ಮಾಡಲು ಸೂಚಿಸಿದನು. ಕಾಯಿಸಿದಾಗ ಜೀವಸತ್ವ ಬಹುಮಟ್ಟಿಗೆ ನಾಶವಾಗುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸರಕಿನ ಹಡಗುಗಳ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರಿತು: ಖರ್ಚು ಮಾಲೀಕನದು, ಪ್ರಾಣ ನಾವಿಕನದು.

ಕಾಯ್ದೆ ಬಂದ ಮೇಲೂ ರೋಗ ನಿಲ್ಲಲಿಲ್ಲ. ಅಗ್ಗದ ಕಲಬೆರಕೆ ರಸವನ್ನು ಹಡಗುಗಳಿಗೆ ಮಾರಲಾಗುತ್ತಿತ್ತು. ಲಂಡನ್ನಿನ ನಾವಿಕರ ಆಸ್ಪತ್ರೆಯ ವೈದ್ಯರು ದೀರ್ಘಯಾನದಿಂದ ಮರಳಿದ ಹಡಗುಗಳ ಸ್ಕರ್ವಿ ರೋಗಿಗಳನ್ನು 1860ರ ದಶಕದಲ್ಲಿಯೂ ಕಾಣುತ್ತಿದ್ದರು. 1867ರ ಕಾಯ್ದೆಯು ರಸದ ಗುಣಮಟ್ಟವನ್ನು ಸರಕಾರಿ ಅಧಿಕಾರಿ ಪರೀಕ್ಷಿಸಬೇಕೆಂದು ವಿಧಿಸಿತು. ಆದೇಶ ಒಂದು, ಅದರ ಪಾಲನೆಯನ್ನು ಪರೀಕ್ಷಿಸುವ ವ್ಯವಸ್ಥೆ ಇನ್ನೊಂದು ಎಂಬುದನ್ನು ಈ ಎರಡು ಕಾಯ್ದೆಗಳ ನಡುವಿನ 23 ವರ್ಷಗಳು ತಿಳಿಸುತ್ತವೆ.

ಭಾಷಾ ಶಿಕ್ಷಕರಿಗೆ ಇಲ್ಲೊಂದು ಪಾಠವಿದೆ. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ದಪ್ಪ ಹಳದಿ ನಿಂಬೆಗೆ ಇಂಗ್ಲಿಷಿನಲ್ಲಿ ‘ಲೆಮನ್’ ಎಂದೂ ವೆಸ್ಟ್ ಇಂಡೀಸಿನ ಸಣ್ಣ ಹಸಿರು ನಿಂಬೆಗೆ ‘ಲೈಮ್’ ಎಂದೂ ಹೆಸರು. ಆದರೆ ಆ ಕಾಲದ ಹಡಗುಕಟ್ಟೆಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತಿದ್ದರು. ಕನ್ನಡದಲ್ಲಿಯೂ ಎರಡೂ ‘ನಿಂಬೆ’ಯೇ. 1860ರ ದಶಕದಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ದೊರೆಯುತ್ತಿದ್ದ ಸಣ್ಣ ನಿಂಬೆಗೆ ಬದಲಾಯಿಸಿಕೊಂಡಿತು. ಅದರ ರಸದಲ್ಲಿ ‘ಸಿ’ ಜೀವಸತ್ವ ಬಹಳ ಕಡಿಮೆ. ಬಹುಕಾಲ ಇಟ್ಟು ಸಂಸ್ಕರಿಸಿದಾಗ ಇನ್ನೂ ಕಡಿಮೆ. 1875–76ರ ಬ್ರಿಟಿಷ್ ಉತ್ತರಧ್ರುವ ಯಾತ್ರೆಯಲ್ಲಿ ಈ ರಸವನ್ನು ಕುಡಿದವರಿಗೂ ಸ್ಕರ್ವಿ ಬಂದಾಗ, ನಿಂಬೆ ಮದ್ದೆಂಬ ಮಾತಿನಲ್ಲಿಯೇ ಹಲವರು ನಂಬಿಕೆ ಕಳೆದುಕೊಂಡರು. ಕೆಟ್ಟ ಮಾಂಸದ ವಿಷವೇ ಸ್ಕರ್ವಿಗೆ ಕಾರಣವೆಂಬ ವಾದ ತಲೆಯೆತ್ತಿತು. ಎರಡು ವಸ್ತುಗಳಿಗೆ ಒಂದೇ ಪದವನ್ನು ಬಳಸಿದ್ದರಿಂದ ದೊರೆತಿದ್ದ ಅರಿವೂ ಮಸುಕಾಯಿತು.

ಮತ್ತೆ ಬೆಳಕು ಕಂಡದ್ದು ಸರಕಿನ ಹಡಗಿನ ನಾವಿಕರ ದೆಸೆಯಿಂದಲೇ. ನಾರ್ವೆಯ ಹಡಗುಗಳ ನಾವಿಕರಿಗೆ ಬರುತ್ತಿದ್ದ ‘ಹಡಗಿನ ಬೆರಿಬೆರಿ’ ಎಂಬ ಕಾಯಿಲೆಯನ್ನು ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಅಧ್ಯಯನ ಮಾಡುತ್ತಿದ್ದರು. ಧಾನ್ಯವನ್ನೇ ತಿನ್ನಿಸಿದ ಗಿನಿಯಿಲಿಗಳಿಗೆ ಸ್ಕರ್ವಿ ಬರುವುದನ್ನು ಅವರು 1907ರಲ್ಲಿ ಪ್ರಕಟಿಸಿದರು. ಆ ಬಳಿಕ ಆಹಾರವನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸುವುದು ಸಾಧ್ಯವಾಯಿತು. 1928ರಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಬೇರ್ಪಡಿಸಿದ ವಸ್ತುವೇ ‘ಸಿ’ ಜೀವಸತ್ವವೆಂದು ಮುಂದೆ ಖಚಿತವಾಯಿತು. 1937ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿ ಬಂದಿತು.

5. ದಡದ ಮೇಲಿನ ಆಸ್ಪತ್ರೆಗಳು

ಇದುವರೆಗೆ ಕಡಲಿನ ಮೇಲಿನ ಆಹಾರದ ಮಾತಾಯಿತು. ಬಂದರು ಮುಟ್ಟಿದ ರೋಗಿ ನಾವಿಕನ ಗತಿ ಏನಾಗುತ್ತಿತ್ತು?

ಸಮಾಜವು ನಾವಿಕನನ್ನು ರೋಗಿಯೆಂದು ಕಾಣುವುದಕ್ಕೆ ಬಹಳ ಹಿಂದೆಯೇ ರೋಗ ಹೊತ್ತು ತರುವವನೆಂದು ಕಂಡಿತು. ಪ್ಲೇಗಿನ ಭಯದಿಂದ ಏಡ್ರಿಯಾಟಿಕ್ ಸಮುದ್ರತೀರದ ರಗುಸ ನಗರವು (ಇಂದಿನ ಡುಬ್ರೊವ್ನಿಕ್) 1377ರಲ್ಲಿ ಸೋಂಕಿನ ಊರುಗಳಿಂದ ಬಂದವರನ್ನು 30 ದಿನ ಹೊರಗಿಡುವ ನಿಯಮ ಮಾಡಿತು. ಮುಂದೆ ಆ ಅವಧಿ 40 ದಿನಗಳಾಯಿತು. ‘ನಲವತ್ತು’ ಎಂಬರ್ಥದ ಇಟಲಿಯ ಪದದಿಂದಲೇ ‘ಕ್ವಾರಂಟೈನ್’ ಎಂಬ ಮಾತು ಹುಟ್ಟಿತು.

ಬ್ರಿಟನ್ನಿನಲ್ಲಿ 1696ರ ಕಾಯ್ದೆಯಂತೆ ಎಲ್ಲ ನಾವಿಕರ ಸಂಬಳದಿಂದಲೂ ತಿಂಗಳಿಗೆ ಆರು ಪೆನ್ಸ್ ಮುರಿದುಕೊಂಡು ಗ್ರೀನಿಚ್ ಆಸ್ಪತ್ರೆಗೆ ಕೊಡಲಾಗುತ್ತಿತ್ತು. ಆಸ್ಪತ್ರೆಯ ಆಶ್ರಯ ನೌಕಾದಳದವರಿಗೆ. ವಾಣಿಜ್ಯ ನಾವಿಕರು ಹಣ ಕೊಟ್ಟರೂ ಅದರ ಫಲ ಅವರಿಗೆ ದೊರೆತದ್ದು ಅತ್ಯಲ್ಪ. ಈ ಕಡಿತ 1834ರವರೆಗೆ ನಡೆಯಿತು.

ಅಮೆರಿಕವು ಈ ಮಾದರಿಯನ್ನು ತಿದ್ದಿ ಬಳಸಿತು. ಅಧ್ಯಕ್ಷ ಜಾನ್ ಆಡಮ್ಸ್ 1798ರ ಜುಲೈ 16ರಂದು ಸಹಿ ಮಾಡಿದ ಕಾಯ್ದೆಯಂತೆ ವಾಣಿಜ್ಯ ನಾವಿಕನ ಸಂಬಳದಿಂದ ತಿಂಗಳಿಗೆ 20 ಸೆಂಟ್ ಮುರಿದು, ಆ ಹಣದಿಂದ ಬಂದರುಗಳಲ್ಲಿ ಅವನಿಗೇ ಚಿಕಿತ್ಸೆ ಕೊಡಿಸುವ ಏರ್ಪಾಡಾಯಿತು. ಹೀಗೆ ಹುಟ್ಟಿದ ನಾವಿಕರ ಆಸ್ಪತ್ರೆಗಳ ಜಾಲವೇ ಬೆಳೆದು 1912ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆ ಎಂಬ ಹೆಸರು ಪಡೆಯಿತು. 1887ರಲ್ಲಿ ಸ್ಟೇಟನ್ ಐಲೆಂಡಿನ ನಾವಿಕರ ಆಸ್ಪತ್ರೆಯಲ್ಲಿ ತೆರೆದ ಚಿಕ್ಕ ಪ್ರಯೋಗಶಾಲೆಯೇ ಇಂದಿನ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೂಲ. ಆದರೆ ವಾಣಿಜ್ಯ ನಾವಿಕರಿಗಿದ್ದ ಉಚಿತ ಚಿಕಿತ್ಸೆಯ ಹಕ್ಕನ್ನು 1981ರಲ್ಲಿ ಹಿಂತೆಗೆದುಕೊಳ್ಳಲಾಯಿತು. ದೊರೆತ ಸೌಲಭ್ಯ ಎಂದೆಂದಿಗೂ ಉಳಿಯುವುದೆಂಬ ಭರವಸೆ ಚರಿತ್ರೆಯಲ್ಲಿಲ್ಲ.

ಲಂಡನ್ನಿನಲ್ಲಿ 1821ರಲ್ಲಿ ನಾವಿಕರ ಆಸ್ಪತ್ರೆ ಸಂಘವೊಂದು ಹುಟ್ಟಿ, ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಳೆಯ ಹಡಗನ್ನೇ ಆಸ್ಪತ್ರೆಯನ್ನಾಗಿ ಮಾಡಿತು. 1831ರಲ್ಲಿ ಆ ಕೆಲಸಕ್ಕೆ ಬಂದ ‘ಡ್ರೆಡ್‌ನಾಟ್’ ಹಡಗಿನ ಹೆಸರೇ ಆಸ್ಪತ್ರೆಗೆ ನಿಂತಿತು. ಯಾವ ದೇಶದ ನಾವಿಕನಿಗೂ ಅಲ್ಲಿ ಪ್ರವೇಶವಿತ್ತು. 1870ರಲ್ಲಿ ಆಸ್ಪತ್ರೆ ಗ್ರೀನಿಚ್ಚಿನ ಕಟ್ಟಡಕ್ಕೆ ಬಂದಿತು. ದೂರದೇಶಗಳ ಜ್ವರಗಳನ್ನು ಹೊತ್ತು ಬರುವ ರೋಗಿಗಳು ಇಲ್ಲಿ ಸೇರುತ್ತಿದ್ದುದರಿಂದ ಉಷ್ಣವಲಯದ ರೋಗಗಳ ಅಧ್ಯಯನಕ್ಕೂ ಇದು ನೆಲೆಯಾಯಿತು. ಈ ಸಂಘದ ವೈದ್ಯನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಪತ್ರಗಳ ಮೂಲಕ ರೊನಾಲ್ಡ್ ರಾಸ್‌ಗೆ ಮಾರ್ಗದರ್ಶನ ಮಾಡಿದನು. ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡನು. 1899ರಲ್ಲಿ ಲಂಡನ್ನಿನ ಉಷ್ಣವಲಯ ವೈದ್ಯಶಾಲೆ ತೆರೆದದ್ದು ಇದೇ ಸಂಘದ ಆಲ್ಬರ್ಟ್ ಡಾಕ್ ಆಸ್ಪತ್ರೆಯಲ್ಲಿ. ತೆಲಂಗಾಣದ ಕನ್ನಡ ಶಾಲೆಗಳ ಶಿಕ್ಷಕರು ಸಿಕಂದರಾಬಾದಿನ ಈ ಶೋಧವನ್ನು ಹೇಳುವಾಗ, ಅದರ ಹಿಂದೆ ನಾವಿಕರ ಆಸ್ಪತ್ರೆಯೊಂದರ ಅನುಭವವೂ ಇತ್ತೆಂಬುದನ್ನು ಸೇರಿಸಿ ಹೇಳಬಹುದು.

6. ಖಲಾಸಿಗಳ ಪಾಲು

ಬ್ರಿಟಿಷ್ ಹಡಗುಗಳಲ್ಲಿ ದುಡಿದವರೆಲ್ಲ ಬ್ರಿಟಿಷರಾಗಿರಲಿಲ್ಲ. ಬಂಗಾಳ, ಕೊಂಕಣ, ಗೋವೆ, ಗುಜರಾತು ಮೊದಲಾದ ಕಡೆಗಳಿಂದ ಹೋದ ಭಾರತೀಯ ನಾವಿಕರನ್ನು ಇಂಗ್ಲಿಷ್ ದಾಖಲೆಗಳು ‘ಲಸ್ಕರ್’ ಎಂದು ಕರೆಯುತ್ತವೆ. ಸೈನ್ಯವೆಂಬರ್ಥದ ಪಾರಸಿ ಪದವಿದು. ನಮ್ಮ ಕಡೆಯ ಊರುಗಳಲ್ಲಿ ದಂಡಿನ ಬಡಾವಣೆಗೆ ಉಳಿದುಬಂದಿರುವ ‘ಲಷ್ಕರ್’ ಎಂಬ ಹೆಸರೂ ಅದೇ. ಅವರ ಮುಖಂಡನಿಗೆ ‘ಸೆರಂಗ್’, ಉಪಮುಖಂಡನಿಗೆ ‘ಟಿಂಡಲ್’ ಎಂಬ ಹೆಸರು. ಈ ‘ಟಿಂಡಲ್’ ಎಂಬುದು ಕರಾವಳಿಯ ಕನ್ನಡಿಗರು ಬಲ್ಲ ‘ತಾಂಡೇಲ’ನೇ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿಗೆ ಹೋದ ಖಲಾಸಿಗಳು ಮರಳುವ ಹಡಗು ದೊರೆಯುವವರೆಗೆ ಇಕ್ಕಟ್ಟಾದ ಬಿಡಾರಗಳಲ್ಲಿ ಚಳಿಯಿಂದಲೂ ಕಾಯಿಲೆಯಿಂದಲೂ ನರಳಿದರು. ದೂರುಗಳು ಹೆಚ್ಚಿದಾಗ 1814–15ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. ಏಷ್ಯ ಮತ್ತು ಆಫ್ರಿಕದ ನಾವಿಕರಿಗೆ ತಂಗುದಾಣವೊಂದು ಲಂಡನ್ನಿನ ಲೈಮ್‌ಹೌಸಿನಲ್ಲಿ ತೆರೆದದ್ದು 1857ರಲ್ಲಿ.

ಉಗಿಹಡಗುಗಳ ಕಾಲದಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಭಾರತೀಯರನ್ನು ಹೆಚ್ಚಾಗಿ ನೇಮಿಸಿಕೊಳ್ಳಲಾಯಿತು. ಬಿಸಿಲಿನ ನಾಡಿನವರು ತಾಪವನ್ನು ತಾಳಬಲ್ಲರೆಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಮಲಗುವ ಜಾಗದ ವಿಷಯದಲ್ಲಿಯೂ ಕಾನೂನು ಎರಡು ಬಗೆದಿತು. 1894ರ ಬ್ರಿಟಿಷ್ ಕಾಯ್ದೆಯಂತೆ ಒಬ್ಬ ನಾವಿಕನಿಗೆ ಕನಿಷ್ಠ 72 ಘನ ಅಡಿ ಜಾಗ ಬೇಕು. ಭಾರತೀಯ ಖಲಾಸಿಗೆ 36 ಘನ ಅಡಿ ಸಾಕು. ಇಕ್ಕಟ್ಟು, ಗಾಳಿಯ ಕೊರತೆ, ತೇವ ಇವು ಕ್ಷಯದಂಥ ಎದೆಯ ಕಾಯಿಲೆಗಳಿಗೆ ಅನುಕೂಲವಾದ ಸ್ಥಿತಿಗಳು. ಒಂದೇ ಹಡಗಿನ ಇಬ್ಬರು ಕೆಲಸಗಾರರಲ್ಲಿ ಒಬ್ಬನ ಉಸಿರಿಗೆ ಇನ್ನೊಬ್ಬನ ಅರ್ಧ ಬೆಲೆ ಕಟ್ಟಿದ ಈ ಅಂಕಿಯನ್ನು ಶಿಕ್ಷಕರು ವ್ಯಾಖ್ಯಾನವಿಲ್ಲದೆ ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳ ಪ್ರಶ್ನೆಗಳಿಗಾಗಿ ಕಾಯುವುದು ಒಳ್ಳೆಯದು.

7. ವೈದ್ಯನಿಲ್ಲದ ಹಡಗು

ಸರಕಿನ ಹಡಗಿನಲ್ಲಿ ಸಾಮಾನ್ಯವಾಗಿ ವೈದ್ಯನಿರುವುದಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಕಪ್ತಾನನೋ ಅಧಿಕಾರಿಯೋ ಔಷಧಿ ಪೆಟ್ಟಿಗೆಯನ್ನು ತೆರೆಯಬೇಕು. ಅವನಿಗೆ ಕೈಪಿಡಿಯೊಂದು ಬೇಕಾಯಿತು. ಡ್ರೆಡ್‌ನಾಟ್ ಆಸ್ಪತ್ರೆಯ ವೈದ್ಯ ಹ್ಯಾರಿ ಲೀಚ್ 1868ರಲ್ಲಿ ಕಪ್ತಾನರಿಗಾಗಿ ಬರೆದ ವೈದ್ಯಕೀಯ ಮಾರ್ಗದರ್ಶಿ ಅಂಥದೊಂದು. ಅದು ಪರಿಷ್ಕಾರಗೊಳ್ಳುತ್ತ ಮುಂದಿನ ಶತಮಾನವನ್ನೂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳ ಹಡಗುಗಳಿಗೆಂದು 1967ರಲ್ಲಿ ಇಂಥ ಕೈಪಿಡಿಯನ್ನು ಹೊರತಂದಿತು.

ನಿಸ್ತಂತು ಬಂದ ಮೇಲೆ ಪುಸ್ತಕದ ಜೊತೆಗೆ ಧ್ವನಿಯೂ ಸೇರಿತು. ನ್ಯೂಯಾರ್ಕಿನ ನಾವಿಕರ ಸೇವಾಸಂಸ್ಥೆಯೊಂದು 1920ರಲ್ಲಿ ಹಡಗುಗಳಿಗೆ ನಿಸ್ತಂತು ಮೂಲಕ ವೈದ್ಯಸಲಹೆ ನೀಡತೊಡಗಿತು. ಇಟಲಿಯಲ್ಲಿ ವೈದ್ಯ ಗೈದೊ ಗೈದಾ 1935ರಲ್ಲಿ ರೋಮಿನಲ್ಲಿ ಅಂತರರಾಷ್ಟ್ರೀಯ ನಿಸ್ತಂತು ವೈದ್ಯ ಕೇಂದ್ರವನ್ನು ಸ್ಥಾಪಿಸಿದನು. ಮಾರ್ಕೋನಿ ಅದರ ಮೊದಲ ಅಧ್ಯಕ್ಷ. ಯಾವ ದೇಶದ ಬಾವುಟದ ಹಡಗಾದರೂ ಅಲ್ಲಿಂದ ಶುಲ್ಕವಿಲ್ಲದೆ ಸಲಹೆ ಪಡೆಯಬಹುದಾಗಿತ್ತು. ದಡದಿಂದ ಸಾವಿರ ಮೈಲಿ ದೂರದ ರೋಗಿಯನ್ನು ವೈದ್ಯನು ಮುಟ್ಟಿ ನೋಡಲಾರನು. ಹಡಗಿನವನು ಹೇಳುವ ಮಾತೇ ಅವನಿಗೆ ಕಣ್ಣು, ಅದೇ ಕೈ. ‘ಹೊಟ್ಟೆನೋವು’ ಎಂದಷ್ಟೇ ಹೇಳಿದರೆ ಸಾಲದು. ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಗೆ ಇಳಿಯಿತೆಂದು ಹೇಳಿದರೆ ಅಪೆಂಡಿಕ್ಸಿನ ಊತವಿರಬಹುದೆಂದು ವೈದ್ಯನು ಊಹಿಸಬಲ್ಲನು.

8. ಹೊಣೆ ನಿಯಮವಾದ ಬಗೆ

1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1920ರಲ್ಲಿಯೇ ಜಿನೋವದಲ್ಲಿ ನಾವಿಕರ ವಿಷಯಕ್ಕೆಂದು ಪ್ರತ್ಯೇಕ ಅಧಿವೇಶನ ನಡೆಸಿತು. ಕಾಯಿಲೆ ಬಿದ್ದ ಅಥವಾ ಗಾಯಗೊಂಡ ನಾವಿಕನ ಚಿಕಿತ್ಸೆಯ ಹೊಣೆ ಹಡಗಿನ ಮಾಲೀಕನದೆಂದು 1936ರ ಒಡಂಬಡಿಕೆ ಸಾರಿತು. ಇಂಥ ಬಿಡಿಬಿಡಿ ಒಡಂಬಡಿಕೆಗಳನ್ನು ಒಟ್ಟುಗೂಡಿಸಿ 2006ರಲ್ಲಿ ಸಾಗರ ಕಾರ್ಮಿಕ ಒಡಂಬಡಿಕೆ ರೂಪುಗೊಂಡಿತು. ಅದು ಜಾರಿಗೆ ಬಂದದ್ದು 2013ರ ಆಗಸ್ಟ್ 20ರಂದು. ಭಾರತ ಅದನ್ನು ಅನುಮೋದಿಸಿದ್ದು 2015ರ ಅಕ್ಟೋಬರಿನಲ್ಲಿ. ಅದರ ಮುಖ್ಯ ಆರೋಗ್ಯ ನಿಯಮಗಳು ಹೀಗಿವೆ:

• ಹಡಗಿನಲ್ಲಿ ದುಡಿಯುವವನಿಗೆ ದಡದ ಕೆಲಸಗಾರನಿಗೆ ದೊರೆಯುವುದಕ್ಕೆ ಆದಷ್ಟೂ ಸಮನಾದ ವೈದ್ಯ ಸೌಲಭ್ಯ ದೊರೆಯಬೇಕು. ಅದರ ವೆಚ್ಚ ಅವನ ಮೇಲೆ ಬೀಳಬಾರದು.
• 100 ಅಥವಾ ಹೆಚ್ಚು ಜನರನ್ನು ಹೊತ್ತು ಮೂರು ದಿನಕ್ಕಿಂತ ದೀರ್ಘವಾದ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ವೈದ್ಯನಿರಬೇಕು. ಉಳಿದ ಹಡಗುಗಳಲ್ಲಿ ಚಿಕಿತ್ಸೆ ಅಥವಾ ಪ್ರಥಮೋಪಚಾರದಲ್ಲಿ ತರಬೇತಾದ ಒಬ್ಬನಾದರೂ ಇರಬೇಕು.
• ನಿಸ್ತಂತು ಅಥವಾ ಉಪಗ್ರಹದ ಮೂಲಕ ವೈದ್ಯಸಲಹೆ ದಿನದ 24 ಗಂಟೆಯೂ ಉಚಿತವಾಗಿ ದೊರೆಯಬೇಕು.
• ನಾವಿಕನ ದೇಹಾರೋಗ್ಯದ ಪ್ರಮಾಣಪತ್ರಕ್ಕೆ ಹೆಚ್ಚೆಂದರೆ ಎರಡು ವರ್ಷ ಮಾನ್ಯತೆ. 18 ವರ್ಷ ತುಂಬದವನಿಗೆ ಒಂದು ವರ್ಷ.

ನಿಯಮಗಳ ನಿಜವಾದ ಪರೀಕ್ಷೆ ಕೋವಿಡ್ ಕಾಲದಲ್ಲಿ ನಡೆಯಿತು. ದೇಶಗಳು ಬಂದರುಗಳ ಬಾಗಿಲು ಮುಚ್ಚಿದಾಗ, 2020ರ ಕೊನೆಯ ಹೊತ್ತಿಗೆ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಹಡಗಿನಿಂದ ಇಳಿಯಲಾರದೆ ಸಿಕ್ಕಿಬಿದ್ದರು. ಲೋಕಕ್ಕೆ ಆಹಾರಧಾನ್ಯ, ಇಂಧನ, ಔಷಧಗಳನ್ನು ತಲುಪಿಸುತ್ತಿದ್ದವರಿಗೇ ಕೆಲವು ಬಂದರುಗಳಲ್ಲಿ ವೈದ್ಯನನ್ನು ಕಾಣಲು ದಡಕ್ಕಿಳಿಯುವ ಅನುಮತಿ ದೊರೆಯಲಿಲ್ಲ. ರಗುಸದ ಕಾಲದ ಭಯ ಆರು ಶತಮಾನಗಳ ಬಳಿಕ ಮರಳಿತು. ಈ ಅನುಭವದಿಂದ 2022ರಲ್ಲಿ ಒಡಂಬಡಿಕೆಗೆ ತಿದ್ದುಪಡಿಯಾಗಿ, ತುರ್ತು ಚಿಕಿತ್ಸೆ ಬೇಕಾದ ನಾವಿಕನನ್ನು ದೇಶಗಳು ತಡಮಾಡದೆ ದಡಕ್ಕಿಳಿಸಿಕೊಳ್ಳಬೇಕೆಂಬ ನಿಯಮ ಸೇರಿತು. ಅದು ಜಾರಿಯಾದದ್ದು 2024ರ ಡಿಸೆಂಬರಿನಲ್ಲಿ.

9. ತರಗತಿಯಲ್ಲಿ

*ಕಾಲರೇಖೆ.* ಮಕ್ಕಳು 1747, 1795, 1844, 1867, 1907, 1928 ಎಂಬ ಇಸವಿಗಳನ್ನು ಹಗ್ಗವೊಂದಕ್ಕೆ ವರ್ಷಕ್ಕೊಂದು ಸೆಂಟಿಮೀಟರಿನ ಅಳತೆಯಲ್ಲಿ ಕಟ್ಟಲಿ. ಪ್ರತಿ ಎರಡು ಚೀಟಿಗಳ ನಡುವಿನ ಖಾಲಿ ಹಗ್ಗಕ್ಕೆ ಒಂದು ಕಾರಣವನ್ನು ಬರೆದು ಅಂಟಿಸಲಿ. ಇಲ್ಲಿ ಇಸವಿಗಳಿಗಿಂತ ಖಾಲಿ ಜಾಗಗಳೇ ಮುಖ್ಯ.

*ಸೀಮೆಸುಣ್ಣದ ಕೋಣೆ.* ನೆಲದ ಮೇಲೆ 3 ಅಡಿ ಉದ್ದ, 2 ಅಡಿ ಅಗಲದ ಚೌಕ ಬರೆಯಿಸಬೇಕು. 6 ಅಡಿ ಎತ್ತರವೆಂದು ಭಾವಿಸಿದರೆ ಇದೇ 36 ಘನ ಅಡಿ. ಪಕ್ಕದಲ್ಲಿ 4 ಅಡಿ ಉದ್ದ, 3 ಅಡಿ ಅಗಲದ ಚೌಕ; ಇದು 72 ಘನ ಅಡಿ. ಮಕ್ಕಳು ಒಬ್ಬೊಬ್ಬರಾಗಿ ಎರಡರಲ್ಲಿಯೂ ಕುಳಿತು ನೋಡಲಿ. ಗಣಿತದ ಘನಫಲ ಪಾಠಕ್ಕೂ ಇದು ಒದಗುತ್ತದೆ.

*ಮೊಳಕೆ ಕಾಳು.* ಒಣ ಹೆಸರುಕಾಳಿನಲ್ಲಿ ‘ಸಿ’ ಜೀವಸತ್ವ ಇಲ್ಲವೆಂಬಷ್ಟು ಕಡಿಮೆ. ಮೊಳಕೆಯೊಡೆದಾಗ ಅದು ಹುಟ್ಟುತ್ತದೆ. ಮಕ್ಕಳು ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ದಿನದಿನದ ಬದಲಾವಣೆಯನ್ನು ಬರೆದಿಡಲಿ. ತಿಂಗಳುಗಟ್ಟಲೆ ಪ್ರಯಾಣಿಸುವ ಹಡಗಿನಲ್ಲಿ ಕೆಡದ ಆಹಾರಪಟ್ಟಿಯೊಂದನ್ನು ಗುಂಪುಗಳಲ್ಲಿ ತಯಾರಿಸಲಿ. ನೆಲ್ಲಿಕಾಯಿ, ಮೊಳಕೆ ಕಾಳುಗಳನ್ನು ಯಾವ ಗುಂಪು ನೆನೆಯುತ್ತದೆಂದು ಶಿಕ್ಷಕರು ಗಮನಿಸಲಿ.

*ದೂರದ ವೈದ್ಯ.* ಇಬ್ಬರು ಮಕ್ಕಳು ಬೆನ್ನಿಗೆ ಬೆನ್ನು ಮಾಡಿ ಕೂರಲಿ. ಒಬ್ಬರು ಹಡಗಿನವರು, ಇನ್ನೊಬ್ಬರು ದಡದ ವೈದ್ಯರು. ಸನ್ನೆಯಿಲ್ಲದೆ ಮಾತಿನಿಂದಲೇ ನೋವು ಎಲ್ಲಿ, ಎಂದಿನಿಂದ, ಯಾವ ಬಗೆಯದು, ಏನು ಮಾಡಿದರೆ ಹೆಚ್ಚುತ್ತದೆ ಎಂಬುದನ್ನು ತಿಳಿಸಬೇಕು. ಚಳುಕು, ಉರಿ, ಸೆಳೆತ, ಜೋಮು, ಓಕರಿಕೆ, ತಲೆಸುತ್ತು, ಮೈಭಾರ ಮೊದಲಾದ ಪದಗಳ ವ್ಯತ್ಯಾಸವನ್ನು ಮೊದಲು ಚರ್ಚಿಸಿ, ಅನಂತರ ಆಯಾ ರಾಜ್ಯದ ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿ ಭಾಷೆಯ ಸಮಾನಪದಗಳನ್ನು ಮಕ್ಕಳೇ ಸಂಗ್ರಹಿಸಬೇಕು. ಗಡಿನಾಡಿನ ಶಾಲೆಗಳಿಗೆ ಈ ಚಟುವಟಿಕೆ ಆಟವಷ್ಟೇ ಅಲ್ಲ. ಕನ್ನಡವೊಂದನ್ನೇ ಬಲ್ಲ ಅಜ್ಜಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದ ಮೊಮ್ಮಗಳು ಅಲ್ಲಿ ಅಜ್ಜಿಗೂ ವೈದ್ಯರಿಗೂ ನಡುವಿನ ನಿಸ್ತಂತುವಾಗುತ್ತಾಳೆ. ‘ಚಳುಕು’ ಎಂಬುದನ್ನು ‘ನೋವು’ ಎಂದಷ್ಟೇ ಅನುವಾದಿಸಿದರೆ ವೈದ್ಯರಿಗೆ ಬೇಕಾದ ಸುಳಿವು ಕಳೆದುಹೋಗಬಹುದು. ಲೈಮ್ ಮತ್ತು ಲೆಮನ್ನಿನ ಕಥೆಯನ್ನು ಇಲ್ಲಿ ನೆನಪಿಸಬಹುದು.

*ಊರಿನ ಸಮೀಕ್ಷೆ.* ಕಾಸರಗೋಡು, ಗೋವೆಗಳ ಮಕ್ಕಳು ಹಡಗಿನ ಕೆಲಸದಲ್ಲಿದ್ದವರನ್ನು ಕಂಡು ಔಷಧಿ ಪೆಟ್ಟಿಗೆ, ವೈದ್ಯ ಪರೀಕ್ಷೆ, ಊಟಗಳ ಬಗ್ಗೆ ಕೇಳಿ ಬರೆಯಬಹುದು. ಕಡಲು ಕಾಣದ ಊರುಗಳಲ್ಲಿ ಇದೇ ಪ್ರಶ್ನೆಗಳನ್ನು ಮನೆಯಿಂದ ದೂರ ಹೋಗಿ ದುಡಿಯುವವರಿಗೆ ಕೇಳಬಹುದು. ಸೊಲ್ಲಾಪುರ, ಜತ್ತ ಭಾಗದಲ್ಲಿ ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳಿವೆ. ನೀಲಗಿರಿ, ವಯನಾಡುಗಳಲ್ಲಿ ತೋಟದ ಕಾರ್ಮಿಕರಿದ್ದಾರೆ. ಅವರ ಚಿಕಿತ್ಸೆಯ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರ ಮೇಲೆ ಹೊರಿಸಿತು. ಮಕ್ಕಳು ಯಾರ ಹೆಸರನ್ನೂ ಬರೆಯದೆ ಉತ್ತರಗಳನ್ನಷ್ಟೇ ದಾಖಲಿಸುವಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಕಾಯಿಲೆಯ ವಿಷಯ ಅವರವರ ಸ್ವಂತದ್ದು.

10. ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಲಿಂಡ್ ಹನ್ನೆರಡು ರೋಗಿಗಳಿಗೂ ಒಂದೇ ಬಗೆಯ ಊಟ ಕೊಟ್ಟದ್ದು ಏಕೆ?
2. ವಿನೆಗರ್ ಕುಡಿದವರು ಗುಣವಾಗದಿದ್ದುದರಿಂದ ಯಾವ ನಂಬಿಕೆ ಸಡಿಲವಾಯಿತು?
3. 1844ರ ಕಾಯ್ದೆ ಇದ್ದರೂ 1867ರಲ್ಲಿ ಇನ್ನೊಂದು ಕಾಯ್ದೆ ಏಕೆ ಬೇಕಾಯಿತು?
4. ಗ್ರೀನಿಚ್ಚಿನ ಆರು ಪೆನ್ಸಿಗೂ ಅಮೆರಿಕದ 20 ಸೆಂಟಿಗೂ ಇರುವ ಮುಖ್ಯ ವ್ಯತ್ಯಾಸವೇನು?
5. ‘ನಿಂಬೆ’ ಎಂಬ ಒಂದೇ ಪದ ಎರಡು ಹಣ್ಣುಗಳನ್ನು ಸೂಚಿಸಿದಂತೆ, ಮನೆಯ ಮಾತಿನಲ್ಲಿ ಎರಡು ಬಗೆಯ ನೋವಿಗೆ ಒಂದೇ ಪದ ಬಳಕೆಯಾಗುವ ಉದಾಹರಣೆ ಕೊಡಿ. ವೈದ್ಯರ ಮುಂದೆ ಅದನ್ನು ಹೇಗೆ ಬಿಡಿಸಿ ಹೇಳುವಿರಿ?
6. ನಿಮ್ಮ ಊರಿನಿಂದ ದೂರ ಹೋಗಿ ದುಡಿಯುವವರು ಕಾಯಿಲೆ ಬಿದ್ದರೆ ಅವರ ಚಿಕಿತ್ಸೆಯ ಹೊಣೆ ಇಂದು ಯಾರದು? ಸಮೀಕ್ಷೆಯ ಆಧಾರದಿಂದ ಒಂದು ಪುಟದ ಉತ್ತರ ಬರೆಯಿರಿ.

ಆರನೆಯ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಮಕ್ಕಳು ತಂದ ಉತ್ತರಗಳನ್ನು ತರಗತಿಯ ಗೋಡೆಗೆ ಹಚ್ಚಿ, ‘ಯಾರೂ ಇಲ್ಲ’ ಎಂಬ ಉತ್ತರ ಎಷ್ಟು ಸಲ ಬಂದಿದೆಯೆಂದು ಎಣಿಸುವುದರಿಂದ ಮುಂದಿನ ಚರ್ಚೆಯನ್ನು ಆರಂಭಿಸಬಹುದು.